196 ವಚನಗಳ ಕೈಬರಹ: ಕೆಲಸ ಎಲ್ಲಿಗೆ ಬಂತು

ಮಾರ್ಚ್ 5, 2025, ಬೂದಿ ಬುಧವಾರ

ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ಈ ಲೆಂತ್ ಕಾಲದಲ್ಲಿ ಸತ್ಯವೇದದ (ಬೈಬಲಿನ) ನಾಲ್ಕು ಭಾಗಗಳನ್ನು ನನ್ನ ಕೈಯಿಂದಲೇ ಕನ್ನಡದಲ್ಲಿ ನಕಲು ಮಾಡಿ, ಹೊಲಿದು, ರಟ್ಟು ಹಾಕಿ ಪುಸ್ತಕವಾಗಿಸಬೇಕೆಂದು ನಿಶ್ಚಯಿಸಿದ್ದೇನೆ. ಮತ್ತಾಯನ ಸುವಾರ್ತೆಯ 5, 6 ಮತ್ತು 7ನೆಯ ಅಧ್ಯಾಯಗಳಲ್ಲಿರುವ ಯೇಸುವಿನ ಪರ್ವತ ಪ್ರಸಂಗದ 111 ವಚನಗಳು, ಅದೇ ಸುವಾರ್ತೆಯ 18ನೆಯ ಅಧ್ಯಾಯದ 35, ಫಿಲೆಮೋನನಿಗೆ ಬರೆದ ಪತ್ರದ 25, ಕೊಲೊಸ್ಸೆಯವರಿಗೆ ಬರೆದ ಪತ್ರದ 3ನೆಯ ಅಧ್ಯಾಯದ 25, ಹೀಗೆ ಒಟ್ಟು 196 ವಚನಗಳಾಗುತ್ತವೆ. ಈಸ್ಟರ್‌ವರೆಗೆ ಭಾನುವಾರಗಳನ್ನು ಬಿಟ್ಟು ಉಳಿಯುವುದು 40 ದಿನ. ದಿನಕ್ಕೆ ಐದು ವಚನ ಬರೆದರೆ ಸಾಕು.

ಸಹಕಾರಿ ಸಂಘವೊಂದರ ಲೆಕ್ಕಪತ್ರ ವಿಭಾಗದಲ್ಲಿ 31 ವರ್ಷ ದುಡಿದವಳಿಗೆ ಗೆರೆಯ ಮೇಲೆ ಅಚ್ಚುಕಟ್ಟಾಗಿ ಬರೆಯುವುದು ಹೊಸದಲ್ಲ. ಆದರೆ ಬಾಲ್ಯದಿಂದ ಕಂಠಪಾಠವಾಗಿರುವ ಈ ವಚನಗಳನ್ನು ನಾನು ಎಂದೂ ಬರೆದು ನೋಡಿರಲಿಲ್ಲ. ನಮ್ಮದು ಬಾಸೆಲ್ ಮಿಶನ್ನಿನ ಕಾಲದಿಂದಲೂ ಮಂಗಳೂರಿನಲ್ಲಿ ನೆಲೆಸಿದ ಕುಟುಂಬ. ಮನೆಯಲ್ಲಿ ತುಳು, ಆರಾಧನೆಯಲ್ಲಿ ಕನ್ನಡ. 1834ರಲ್ಲಿ ಇಲ್ಲಿ ಬಂದಿಳಿದ ಮಿಶನರಿಗಳು 1841ರಲ್ಲಿ ಸ್ಥಾಪಿಸಿದ ಮುದ್ರಣಾಲಯ ಮೊದಲಲ್ಲಿ ಕಲ್ಲಚ್ಚಿನದಾಗಿತ್ತು. 1843ರ ‘ಮಂಗಳೂರ ಸಮಾಚಾರ’ ಪತ್ರಿಕೆಯೂ ಕಲ್ಲಚ್ಚಿನಲ್ಲೇ ಬಂತು. ಅಂದರೆ ಯಾರೋ ಒಬ್ಬರು ಒಂದೊಂದು ಅಕ್ಷರವನ್ನೂ ಕೈಯಿಂದ ಬರೆದ ಮೇಲೆಯೇ ಅದು ಕಲ್ಲಿಗಿಳಿದು ಕಾಗದಕ್ಕೆ ಬರುತ್ತಿತ್ತು. ಮಿಶನ್ನಿನ ನೆಲೆಯಾಗಿದ್ದ ಬಲ್ಮಠದ ಗುಡ್ಡ ಹತ್ತುವಾಗಲೆಲ್ಲ ಹೆಸರು ಉಳಿಯದ ಆ ಬರಹಗಾರರನ್ನು ನಾನು ನೆನೆಯುತ್ತೇನೆ.

ಸಾಮಗ್ರಿ ಹೆಚ್ಚೇನಿಲ್ಲ: ದಪ್ಪ ಬಿಳಿ ಕಾಗದ, ಶಾಯಿ ಪೆನ್ನು, ನೀಲಿ-ಕಪ್ಪು ಶಾಯಿ, ಗೆರೆ ಎಳೆಯಲು ಸೀಸದಕಡ್ಡಿ ಮತ್ತು ಉಕ್ಕಿನ ಅಡಿಪಟ್ಟಿ.

ಮಾರ್ಚ್ 12

ಏಳು ದಿನಗಳಲ್ಲಿ 35 ವಚನಗಳಾಗಬೇಕಿತ್ತು, 24ಕ್ಕೆ ನಿಂತಿದ್ದೇನೆ.

ಮೊದಲ ತೊಂದರೆ ಗೆರೆಗಳದ್ದು. ಎಂಟು ಮಿಲಿಮೀಟರ್ ಅಂತರದಲ್ಲಿ ಗೆರೆ ಎಳೆದು ಆರಂಭಿಸಿದೆ. 20ನೆಯ ವಚನದ ‘ಶಾಸ್ತ್ರಿಗಳು’ ಎಂಬ ಶಬ್ದ ಬಂದಾಗ ಸಕಾರದ ಕೆಳಗಿನ ತಕಾರದ ಒತ್ತು, ಅದರ ಪಕ್ಕದ ರಕಾರದ ಒತ್ತು ಎರಡೂ ಕೆಳಗಿನ ಸಾಲಿನ ಗುಡಿಸಿಗೆ ತಗಲಿ ಅಕ್ಷರಗಳು ಒಂದರೊಳಗೊಂದು ಸಿಕ್ಕಿಕೊಂಡವು. ಒತ್ತಕ್ಷರಗಳಿರುವ ನಮ್ಮ ಲಿಪಿಗೆ ಸಾಲಿನ ಕೆಳಗೂ ಮೇಲಿನಷ್ಟೇ ಜಾಗ ಬೇಕು. ಹನ್ನೆರಡು ಮಿಲಿಮೀಟರಿಗೆ ಗೆರೆ ಎಳೆದು, ಬರೆದಿದ್ದ ಹಾಳೆಗಳನ್ನು ತೆಗೆದಿಟ್ಟು ಮೊದಲಿನಿಂದ ಬರೆದೆ. ಧನ್ಯವಚನಗಳಲ್ಲಿ ‘ಧನ್ಯರು’ ಎಂಬ ಮಾತು ಮತ್ತೆ ಮತ್ತೆ ಬರುವುದರಿಂದ ಕಣ್ಣು ಒಂದು ಸಾಲಿನಿಂದ ಇನ್ನೊಂದಕ್ಕೆ ಹಾರಿ 8ನೆಯ ವಚನ ಪೂರ್ತಿ ಬಿಟ್ಟುಹೋಯಿತು. ಹಿಂದಿನ ನಕಲುಗಾರರಿಗೂ ಇದೇ ತಪ್ಪು ಆಗುತ್ತಿತ್ತೆಂದು ಓದಿದ್ದೇನೆ. ಈಗ ಬರೆಯುವ ಸಾಲಿನ ಕೆಳಗೆ ಕಾಗದದ ಪಟ್ಟಿಯೊಂದನ್ನು ಇಟ್ಟುಕೊಳ್ಳುತ್ತೇನೆ.

ಕೆಲಸ ನಿಂತಿದ್ದು ಈ ತೊಂದರೆಗಳಿಂದಲ್ಲ. ಸೋಮವಾರ ಸಂಜೆ 23 ಮತ್ತು 24ನೆಯ ವಚನಗಳನ್ನು ಬರೆಯುತ್ತಿದ್ದೆ. ಯಜ್ಞವೇದಿಗೆ ಕಾಣಿಕೆಯನ್ನು ತಂದವನಿಗೆ ಸಹೋದರನ ನೆನಪು ಬಂದರೆ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗಿ ಮೊದಲು ಅವನೊಡನೆ ಒಂದಾಗಬೇಕೆಂಬ ಮಾತು ಅದು. ಇದನ್ನು ನಾನು ಇಷ್ಟು ವರ್ಷಗಳೂ, ನಿನಗೆ ನಿನ್ನ ಸಹೋದರನ ಮೇಲೆ ದೂರು ಇದ್ದರೆ ಹೋಗಿ ಸರಿಮಾಡಿಕೋ ಎಂದೇ ತಿಳಿದುಕೊಂಡಿದ್ದೆ. ನನಗೆ ದೂರು ಇತ್ತು. ಅದನ್ನು ಸರಿಮಾಡಬೇಕಾದವನು ಬರಲಿಲ್ಲ. ಆದ್ದರಿಂದ ಕಾಯುತ್ತಿದ್ದೇನೆ ಎಂಬುದು ನನ್ನ ಸಮಾಧಾನವಾಗಿತ್ತು. ಆದರೆ ಅಕ್ಷರ ಅಕ್ಷರವಾಗಿ ಬರೆಯುವಾಗ ವಿಭಕ್ತಿ ಪ್ರತ್ಯಯವನ್ನು ಹಾರಿಸಲು ಬರುವುದಿಲ್ಲ. ಅಲ್ಲಿ ಹೇಳಿರುವುದು ನಿನ್ನ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನಾದರೂ ಇದ್ದರೆ ಎಂದು. ಅದಕ್ಕೂ ಮೊದಲಿನ ವಚನ ಸಹೋದರನನ್ನು ಹೀಯಾಳಿಸಿ ಆಡುವ ಮಾತಿನ ಕುರಿತಾದದ್ದು. ‘ಆದಕಾರಣ’ ಎಂಬ ಶಬ್ದ ಎರಡನ್ನೂ ಜೋಡಿಸುತ್ತದೆ.

ವಿಷಯವನ್ನು ಮರೆಮಾಚದೆ ಹೇಳುತ್ತೇನೆ. 2012ರಲ್ಲಿ ನನ್ನ ತಮ್ಮ ವ್ಯಾಪಾರಕ್ಕೆಂದು ನನ್ನಿಂದ 1,85,000 ರೂಪಾಯಿ ತೆಗೆದುಕೊಂಡ; ಹಿಂದಿರುಗಿಸಲಿಲ್ಲ. 2014ರಲ್ಲಿ ಅಮ್ಮ ತೀರಿಕೊಂಡ ದಿನ, ಸಮಾಧಿಯಿಂದ ಮನೆಗೆ ಮರಳಿದ ನೆಂಟರಿಷ್ಟರ ಎದುರಿಗೆ, ಅಮ್ಮನ ಔಷಧಿಗೂ ಒಂದು ಕಾಸು ಕೊಡದವನು ಎಂದು ನಾನು ಅವನಿಗೆ ಅಂದೆ. ಆ ಮಾತು ಸುಳ್ಳು. ಕೆಲವು ತಿಂಗಳ ನಂತರ ಅಮ್ಮನ ಟ್ರಂಕಿನಲ್ಲಿ ಅವನ ಹೆಸರಿನ ಔಷಧಿ ಬಿಲ್ಲುಗಳು ಸಿಕ್ಕವು. ಬಿಲ್ಲುಗಳನ್ನು ಮಡಚಿ ಮತ್ತೆ ಟ್ರಂಕಿನಲ್ಲೇ ಇಟ್ಟೆ. ಅಂದಿನಿಂದ ಹನ್ನೊಂದು ವರ್ಷ ನಮ್ಮ ನಡುವೆ ಮಾತಿಲ್ಲ. ಈ ಅವಧಿಯಲ್ಲಿ ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ನಾನು ಎಷ್ಟು ಸಲ ಮೊಣಕಾಲೂರಿದ್ದೇನೋ!

ಮಾರ್ಚ್ 29

5 ಮತ್ತು 6ನೆಯ ಅಧ್ಯಾಯಗಳು ಮುಗಿದು 82 ವಚನಗಳಾಗಿವೆ. ಇಷ್ಟರಲ್ಲಿ 110 ಆಗಬೇಕಿತ್ತು.

ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನು ಬರೆಯುವಾಗ ‘ಕ್ಷಮಿಸು’ ಎಂಬ ಶಬ್ದದ ಬಗ್ಗೆ ನಮ್ಮ ಸಭಾಪಾಲಕರನ್ನು ಕೇಳಿದೆ. ಗ್ರೀಕ್ ಮೂಲದಲ್ಲಿ ಅಲ್ಲಿರುವುದು ಅಫಿಯೇಮಿ ಎಂಬ ಕ್ರಿಯಾಪದ, ಅದರ ನೇರ ಅರ್ಥ ಬಿಡು, ಹೋಗಗೊಡು ಎಂದು ಅವರು ತಿಳಿಸಿದರು. ಪೇತ್ರನೂ ಅಂದ್ರೆಯನೂ ಬಲೆಗಳನ್ನು ಬಿಟ್ಟು ಯೇಸುವನ್ನು ಹಿಂಬಾಲಿಸಿದರು ಎನ್ನುವಲ್ಲಿ ಅದೇ ಪದ. ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗು ಎನ್ನುವಲ್ಲಿ ಅದೇ. ನಮ್ಮ ಸಾಲಗಳನ್ನು ಕ್ಷಮಿಸು ಎನ್ನುವಲ್ಲಿಯೂ ಅದೇ. ಇದನ್ನು ಕೇಳಿ ನನಗೆ ಬಹಳ ಸಂತೋಷವಾಯಿತು, ಏಕೆಂದರೆ ಕನ್ನಡದ ‘ಬಿಡು’ ಈ ಮೂರು ಕಡೆಗೂ ಸಲೀಸಾಗಿ ಸಲ್ಲುತ್ತದೆ: ಬಲೆ ಬಿಟ್ಟರು, ಕಾಣಿಕೆ ಬಿಟ್ಟು ಹೋದನು, ಸಾಲ ಬಿಟ್ಟನು. ‘ಕ್ಷಮೆ’ಗಾದರೋ ಸಹನೆ ಎಂಬ ಅರ್ಥವಿದೆ, ಭೂಮಿ ಎಂಬ ಅರ್ಥವೂ ಇದೆ, ಹೊತ್ತುಕೊಂಡು ತಾಳುವುದು ಅದರ ಸ್ವಭಾವ. ನಾನು ಇಷ್ಟು ಕಾಲ ತಾಳಿಕೊಂಡಿದ್ದೆನೇ ಹೊರತು ಬಿಟ್ಟಿರಲಿಲ್ಲ.

ಬಿಟ್ಟಿರಲಿಲ್ಲ ಎಂಬುದಕ್ಕೆ ನನ್ನ ಕಪಾಟಿನಲ್ಲಿ ಸಾಕ್ಷಿಯಿದೆ. ಉದ್ದನೆಯ ಖಾತೆ ಪುಸ್ತಕವೊಂದರಲ್ಲಿ ತಮ್ಮನ ಹೆಸರಿನ ಪುಟವಿದೆ. ಪ್ರತಿವರ್ಷ ಮಾರ್ಚ್ 31ರಂದು ಶೇಕಡಾ 9ರಂತೆ ಸರಳ ಬಡ್ಡಿ 16,650 ರೂಪಾಯಿಯನ್ನು ಅದರಲ್ಲಿ ಸೇರಿಸುತ್ತಾ ಬಂದಿದ್ದೇನೆ. ಬಡ್ಡಿ ಕೊಡಬೇಕೆಂದು ಅವನಿಗೆ ನಾನು ಹೇಳಿದ್ದೇ ಇಲ್ಲ. ಹೀಗೊಂದು ಲೆಕ್ಕ ಇದೆಯೆಂಬುದೂ ಅವನಿಗೆ ಗೊತ್ತಿಲ್ಲ. ಹನ್ನೆರಡು ವರ್ಷದ ಬಡ್ಡಿ 1,99,800 ಆಗಿ ಅಸಲನ್ನೂ ಮೀರಿದೆ. ಪ್ರೀತಿಯು ಅಪಕಾರವನ್ನು ಲೆಕ್ಕದಲ್ಲಿಟ್ಟುಕೊಳ್ಳುವುದಿಲ್ಲ ಎಂದು ಅಪೊಸ್ತಲ ಪೌಲನು ಕೊರಿಂಥದವರಿಗೆ ಬರೆದನು. ಆ ಅಧ್ಯಾಯವನ್ನು ಮದುವೆಗಳಲ್ಲಿ ಓದುವ ಜವಾಬ್ದಾರಿ ಸಭೆಯಲ್ಲಿ ಹಲವು ಸಲ ನನ್ನದೇ ಆಗಿತ್ತು.

ಏಪ್ರಿಲ್ 11

ಪರ್ವತ ಪ್ರಸಂಗವೂ ಮತ್ತಾಯನ 18ನೆಯ ಅಧ್ಯಾಯವೂ ಮುಗಿದವು, 146 ವಚನಗಳು. ಮಾರ್ಚ್ 31 ಬಂದುಹೋಯಿತು. ಖಾತೆ ಪುಸ್ತಕಕ್ಕೆ ಬಡ್ಡಿ ಸೇರಿಸಲಿಲ್ಲ.

ಸಾಲ ತೀರಿಸಲಾರದ ಸೇವಕನ ಸಾಮ್ಯಕಥೆಯನ್ನು ಬರೆದ ರಾತ್ರಿ ಅಭ್ಯಾಸಬಲದಿಂದ ಅದರ ಲೆಕ್ಕ ಹಾಕಿ ನೋಡಿದೆ. ಒಂದು ತಲಾಂತು ಅಂದರೆ 6,000 ದಿನಾರಿಗಳು. ಒಂದು ದಿನಾರಿ ಕೂಲಿಯಾಳಿನ ಒಂದು ದಿನದ ಸಂಬಳ. ಅರಸನಿಗೆ ಸೇವಕನು ಕೊಡಬೇಕಾಗಿದ್ದ ಹತ್ತು ಸಾವಿರ ತಲಾಂತು ಆರು ಕೋಟಿ ದಿನಗಳ ಕೂಲಿಯಾಗುತ್ತದೆ. ವರ್ಷಕ್ಕೆ 300 ದಿನ ದುಡಿದರೂ ತೀರಿಸಲು ಎರಡು ಲಕ್ಷ ವರ್ಷ ಬೇಕು. ಅಂಥ ಸಾಲವನ್ನು ಬಿಡಿಸಿಕೊಂಡವನು ನೂರು ದಿನಾರಿಗಾಗಿ ಜೊತೆ ಸೇವಕನ ಕುತ್ತಿಗೆ ಹಿಸುಕಿದನು. ಪ್ರಸಂಗಗಳಲ್ಲಿ ಈ ನೂರನ್ನು ಅಲ್ಪ ಹಣವೆಂದು ವಿವರಿಸುವುದನ್ನು ಕೇಳುತ್ತ ಬಂದಿದ್ದೇನೆ. ನನಗೆ ಅದು ಸರಿಯೆನಿಸುವುದಿಲ್ಲ. ನೂರು ದಿನದ ಕೂಲಿ ಎಂದರೆ ಬಡ ಮನೆಯೊಂದರ ಮೂರು ತಿಂಗಳ ಅನ್ನ. ಯೇಸು ಆ ಸಾಲ ಸುಳ್ಳೆಂದೋ ಕ್ಷುಲ್ಲಕವೆಂದೋ ಹೇಳಲಿಲ್ಲ. ನಿಜವಾದ ಸಾಲವನ್ನೇ, ಇನ್ನೊಂದು ಸಾಲದ ಪಕ್ಕದಲ್ಲಿಟ್ಟು ತೋರಿಸಿದನು. ನನ್ನ 1,85,000 ಕೂಡ ನಿಜವಾದ ಹಣ, ನಾನು ದುಡಿದದ್ದು. ಅದನ್ನು ಹಾಗೆಂದು ಒಪ್ಪಿಕೊಂಡಾಗಲೇ ಬಿಡುವುದಕ್ಕೂ ಏನಾದರೂ ಅರ್ಥ ಬರುತ್ತದೆ.

ಇದೇ ಅಧ್ಯಾಯದ ಇನ್ನೊಂದು ಸಂಗತಿಯನ್ನು ಇಲ್ಲಿ ದಾಖಲಿಸದೆ ಮುಂದೆ ಹೋಗಲಾರೆ. ಎಪ್ಪತ್ತು ಏಳು ಸಾರಿ ಕ್ಷಮಿಸಬೇಕೆಂಬ ಮಾತನ್ನು ಎಲ್ಲರೂ ಬಲ್ಲರು. ಆದರೆ ಅದಕ್ಕೂ ಮುಂಚೆ 15ರಿಂದ 17ನೆಯ ವಚನಗಳಲ್ಲಿ, ತಪ್ಪು ಮಾಡಿದವನಿಗೆ ಮೊದಲು ಏಕಾಂತದಲ್ಲಿ ತಿಳಿಸಬೇಕು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಬೇಕು, ಆಮೇಲೂ ಕೇಳದಿದ್ದರೆ ಸಭೆಗೆ ಹೇಳಬೇಕು ಎಂಬ ಕ್ರಮವಿದೆ. ಅದಕ್ಕೂ ಮೇಲೆ, ಚಿಕ್ಕವರಿಗೆ ಕೇಡು ಮಾಡುವವನ ಕೊರಳಿಗೆ ಬೀಸುವ ಕಲ್ಲು ಕಟ್ಟುವ ಕಠಿಣ ಮಾತಿದೆ. ಮನೆಯಲ್ಲಿ ಹೊಡೆತ ತಿನ್ನುತ್ತಿರುವ ಹೆಣ್ಣುಮಗಳಿಗೆ ಎಪ್ಪತ್ತು ಏಳು ಸಾರಿಯ ವಚನವೊಂದನ್ನೇ ತೋರಿಸಿ ಸುಮ್ಮನಿರು ಎಂದು ಬುದ್ಧಿ ಹೇಳುವವರು ಈ ಅಧ್ಯಾಯವನ್ನು ಅರ್ಧವೇ ಓದಿದ್ದಾರೆ. ಅಪಾಯದಿಂದ ದೂರ ಸರಿದು, ಸಹಾಯ ಕೇಳಿ, ಸತ್ಯವನ್ನು ಹೇಳುವುದಕ್ಕೆ ಕ್ಷಮೆ ಅಡ್ಡಿಯಲ್ಲ.

ನನ್ನ ಪ್ರಕರಣದಲ್ಲಿ ಅಂಥ ಅಪಾಯವೇನೂ ಇಲ್ಲ. ಇರುವುದು ನಾಚಿಕೆ ಮಾತ್ರ. ನಾಡಿದ್ದು ಗರಿಗಳ ಭಾನುವಾರ. ನಾಳೆ ಹೋಗುತ್ತೇನೆ.

ಏಪ್ರಿಲ್ 17, ಪವಿತ್ರ ಗುರುವಾರ

ಶನಿವಾರ ಬೆಳಿಗ್ಗೆ ಬಸ್ಸಿನಲ್ಲಿ ಹೋದೆ. ಬ್ಯಾಗಿನಲ್ಲಿ ಔಷಧಿಯ ಬಿಲ್ಲುಗಳಿದ್ದವು. ಖಾತೆ ಪುಸ್ತಕವನ್ನು ಒಯ್ಯಲಿಲ್ಲ.

ಬಾಗಿಲು ತೆರೆದವಳು ನಾದಿನಿ. ಒಳಗಿನಿಂದ ಬಂದ ತಮ್ಮನ ತಲೆ ಪೂರ್ತಿ ನರೆತಿತ್ತು. ಅವನು “ಅಕ್ಕಾ” ಎಂದವನೇ ಕುರ್ಚಿಯ ಮೇಲಿದ್ದ ಪತ್ರಿಕೆಯನ್ನು ತೆಗೆದು, ಕೈಯಿಂದ ಒರೆಸಿ, ಕುಳಿತುಕೊಳ್ಳಲು ಹೇಳಿದ. ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದ ವಾಕ್ಯಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಬಿಲ್ಲುಗಳನ್ನು ಮೇಜಿನ ಮೇಲಿಟ್ಟು, “ಅಮ್ಮನ ಔಷಧಿಯ ವಿಷಯದಲ್ಲಿ ನಾನು ಅಂದದ್ದು ಸುಳ್ಳು. ಇವು ಸಿಕ್ಕ ಮೇಲೂ ಬಂದು ಹೇಳಲಿಲ್ಲ. ನನ್ನನ್ನು ಕ್ಷಮಿಸು” ಎಂದೆ. ಅವನು ಒಂದೊಂದೇ ಬಿಲ್ಲನ್ನು ಎತ್ತಿ ತಾರೀಕು ನೋಡಿದ. ಶಾಯಿ ಮಾಸಿ ಕೆಲವದರಲ್ಲಿ ಏನೂ ಕಾಣುತ್ತಿರಲಿಲ್ಲ. ಕ್ಷಮಿಸಿದ್ದೇನೆ ಎಂದು ಅವನು ಹೇಳಲಿಲ್ಲ. ಹಣದ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಹಳ ಹೊತ್ತಾದ ಮೇಲೆ, “ಊಟ ಮಾಡಿಕೊಂಡು ಹೋಗು” ಎಂದ. ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ, ಮಾವಿನಮಿಡಿ ಉಪ್ಪಿನಕಾಯಿ. ಮೊದಲು ನನ್ನ ಬಟ್ಟಲಿಗೆ ಬಡಿಸಿದವನು ಅವನೇ.

ಸೋಮವಾರದಿಂದ ಫಿಲೆಮೋನನ ಪತ್ರ ಬರೆದು ಇಂದು ಮುಗಿಸಿದೆ, 171 ವಚನಗಳು. ಒಡೆಯ ಫಿಲೆಮೋನನಿಂದ ದೂರವಾಗಿದ್ದ ದಾಸ ಒನೇಸಿಮನನ್ನು ಪೌಲನು ಸೆರೆಯಲ್ಲಿದ್ದುಕೊಂಡೇ ಹಿಂದಕ್ಕೆ ಕಳುಹಿಸುತ್ತಾ, ಇನ್ನು ಮುಂದೆ ಇವನನ್ನು ದಾಸನಂತಲ್ಲ, ಪ್ರಿಯ ಸಹೋದರನಂತೆ ಸೇರಿಸಿಕೋ ಎಂದು ಕೇಳಿಕೊಳ್ಳುವ ಪುಟ್ಟ ಪತ್ರವಿದು. ಒನೇಸಿಮ ಎಂಬ ಹೆಸರಿಗೆ ಉಪಯುಕ್ತನು ಎಂದು ಅರ್ಥ. 11ನೆಯ ವಚನದಲ್ಲಿ, ಹಿಂದೆ ನಿನಗೆ ನಿಷ್ಪ್ರಯೋಜಕನಾಗಿದ್ದವನು ಈಗ ಪ್ರಯೋಜಕನಾಗಿದ್ದಾನೆ ಎಂದು ಪೌಲನು ಆ ಅರ್ಥವನ್ನೇ ಆಡಿಸುತ್ತಾನೆ. ಇನ್ನೂ ಮುಂದೆ ಬರುವ ಎರಡು ವಚನಗಳು ನನ್ನನ್ನು ಮೇಜಿನಿಂದ ಎಬ್ಬಿಸಿದವು. ಅವನು ನಿನಗೇನಾದರೂ ಕೊಡಬೇಕಾಗಿದ್ದರೆ ಅದನ್ನು ನನ್ನ ಲೆಕ್ಕಕ್ಕೆ ಹಾಕು ಎಂದು 18ರಲ್ಲಿ ಹೇಳಿ, 19ರಲ್ಲಿ, ಪೌಲನೆಂಬ ನಾನೇ ಇದನ್ನು ಸ್ವಂತ ಕೈಯಿಂದ ಬರೆಯುತ್ತಿದ್ದೇನೆ, ನಾನೇ ತೀರಿಸುವೆನು ಎನ್ನುತ್ತಾನೆ. ಇನ್ನೊಬ್ಬನ ಸಾಲಕ್ಕೆ ತನ್ನ ಕೈಬರಹವನ್ನು ಜಾಮೀನಿಟ್ಟ ಮಾತನ್ನು ಕೈಯಿಂದ ಬರೆಯುವವಳು ನಾನು. ಖಾತೆ ಪುಸ್ತಕ ಬೆನ್ನ ಹಿಂದಿನ ಕಪಾಟಿನಲ್ಲಿತ್ತು. ಎದ್ದು ಹೋಗಿ ಅದನ್ನು ತಂದು, ತಮ್ಮನ ಪುಟದಲ್ಲಿ ಕಡೆಯ ಮೊತ್ತದ ಕೆಳಗೆ, ಅದೇ ನೀಲಿ-ಕಪ್ಪು ಶಾಯಿಯಲ್ಲಿ ಎರಡು ಗೆರೆ ಎಳೆದು, “ಬಿಟ್ಟಿದೆ” ಎಂದು ಬರೆದು ತಾರೀಕು ಹಾಕಿದೆ.

ಫಿಲೆಮೋನನು ಏನು ಮಾಡಿದನೆಂಬುದನ್ನು ಪತ್ರ ತಿಳಿಸುವುದಿಲ್ಲ.

ಜೂನ್ 8, ಪಂಚಾಶತ್ತಮ ದಿನ

ಈಸ್ಟರಿಗೆ ಪುಸ್ತಕ ಸಿದ್ಧವಾಗಲಿಲ್ಲ. ಮಳೆ ಬಂದ ಮೇಲೆ ಕಾಗದ ತೇವ ಹೀರಿ ಶಾಯಿ ನಾರುನಾರಾಗಿ ಹರಡುತ್ತಿದೆ; ಬಿಸಿಲು ಕಂಡ ದಿನ ಮಾತ್ರ ಬರೆಯುತ್ತೇನೆ. ಹಾಳೆಗಳನ್ನು ಅಕ್ಕಿಯ ಡಬ್ಬಿಯೊಳಗಿಟ್ಟು ತೇವ ತಗಲದಂತೆ ನೋಡಿಕೊಳ್ಳುತ್ತಿದ್ದೇನೆ. ಕೊಲೊಸ್ಸೆಯವರಿಗೆ ಬರೆದ ಪತ್ರದ 3ನೆಯ ಅಧ್ಯಾಯದಲ್ಲಿ 19 ವಚನಗಳಾಗಿ, ಒಟ್ಟು 190ಕ್ಕೆ ಬಂದಿದೆ.

ಇದೇ ಪತ್ರದ 4ನೆಯ ಅಧ್ಯಾಯದಲ್ಲಿ ಒನೇಸಿಮನು ನಿಮ್ಮ ಊರಿನವನೆಂಬ ಮಾತಿದೆ. ಫಿಲೆಮೋನನ ಪತ್ರದಲ್ಲಿ ಹೆಸರು ಬರುವ ಅರ್ಖಿಪ್ಪನೂ ಇಲ್ಲಿ ಬರುತ್ತಾನೆ. ಹಾಗಾದರೆ, ಒಬ್ಬರ ಮೇಲೊಬ್ಬರಿಗೆ ದೂರು ಇದ್ದರೆ ಕರ್ತನು ನಿಮ್ಮನ್ನು ಕ್ಷಮಿಸಿದಂತೆ ನೀವೂ ಕ್ಷಮಿಸಿರಿ ಎಂಬ 13ನೆಯ ವಚನವನ್ನು ಸಭೆಯಲ್ಲಿ ಓದಿದಾಗ, ಒಡೆಯನೂ ದಾಸನೂ ಒಂದೇ ಕೋಣೆಯಲ್ಲಿ ಕುಳಿತು ಕೇಳಿರಬಹುದು. ಕನಿಕರ, ದಯೆ, ದೀನಭಾವ, ಸಾತ್ವಿಕತ್ವ, ದೀರ್ಘಶಾಂತಿ ಇವುಗಳನ್ನು ಬಟ್ಟೆಯಂತೆ ಧರಿಸಿಕೊಳ್ಳಿರಿ ಎಂದು ಅದರ ಹಿಂದಿನ ವಚನದಲ್ಲಿದೆ. ಬಟ್ಟೆ ದಿನವೂ ಹಾಕಿಕೊಳ್ಳಬೇಕಾದದ್ದು. ಕಳೆದ ವಾರ ತಮ್ಮ ಫೋನಿನಲ್ಲಿ ಮಾತಾಡುತ್ತಾ ಹೊಸ ವ್ಯಾಪಾರವೊಂದರ ಸುದ್ದಿ ಎತ್ತಿದಾಗ ನನ್ನ ಸ್ವರ ತಟ್ಟನೆ ಬಿಗಿಯಾಯಿತು. ಅವನಿಗೂ ಅದು ಗೊತ್ತಾಯಿತು. ಮರುದಿನ ನಾನೇ ಕರೆಮಾಡಿ, ಹಣ ಕೊಡಲು ನನ್ನಿಂದಾಗದು, ಆದರೆ ಲೆಕ್ಕ ಬರೆಯಲು ಬೇಕಿದ್ದರೆ ಬರುತ್ತೇನೆ ಎಂದೆ. ಸಾಲ ಬಿಟ್ಟವಳು ಮತ್ತೆ ಸಾಲ ಕೊಡಲೇಬೇಕೆಂದಿಲ್ಲ ಎಂಬುದು ನನ್ನ ತೀರ್ಮಾನ.

ಉಳಿದಿರುವುದು ಆರು ವಚನ, ಹೊಲಿಗೆ, ರಟ್ಟು. ತಮ್ಮನ ಮಗಳು ಶನಿವಾರ ಬರುವಳು. ಅವಳ ಕೈ ಸ್ಥಿರವಾಗಿದೆಯಂತೆ. ಕಡೆಯ ಹಾಳೆಗೆ ಗೆರೆ ಎಳೆಯುವ ಕೆಲಸವನ್ನು ಅವಳಿಗಾಗಿ ಉಳಿಸಿದ್ದೇನೆ, ಹನ್ನೆರಡು ಮಿಲಿಮೀಟರ್ ಅಂತರದಲ್ಲಿ.