ಬಾರಕೂರಿನಲ್ಲಿ ಮೂಲ ಹುಡುಕುವ ಘಟ್ಟದ ಮೇಲಿನವರಿಗೆ

ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟಗಳಲ್ಲಿ ರೈಟರಾಗಿಯೋ ಮೇಸ್ತ್ರಿಯಾಗಿಯೋ, ಇಲ್ಲವೇ ಪೇಟೆಯಲ್ಲಿ ಹೋಟೆಲು ಇಟ್ಟುಕೊಂಡೋ ನೆಲೆಸಿದ ಅನೇಕ ಕುಟುಂಬಗಳ ಮೂಲ ಕರಾವಳಿಯಲ್ಲಿದೆ. ನಮ್ಮದೂ ಅಂಥದೇ ಕುಟುಂಬ; ಅಜ್ಜಿಯ ತಾಯಿ ಉಡುಪಿ ಜಿಲ್ಲೆಯ ಬಾರಕೂರಿನ ಕಡೆಯಿಂದ ಘಟ್ಟ ಹತ್ತಿದವರು ಎಂಬ ಮಾತಷ್ಟೇ ಮನೆಯಲ್ಲಿ ಉಳಿದಿತ್ತು. ಹೀಗೆ ಮೂಲ ಹುಡುಕಿಕೊಂಡು ಬಾರಕೂರಿಗೆ ಹೊರಡುವವರು ಬಸ್ಸು ಹತ್ತುವ ಮೊದಲು ಮನೆಯ ಹಿರಿಯ ಹೆಂಗಸರೊಡನೆ ಕುಳಿತು ಮಾತನಾಡುವುದು ಅವಶ್ಯಕ.

ಏಕೆಂದರೆ ಬಂಟ, ಬಿಲ್ಲವ, ಮೊಗವೀರ ಮುಂತಾದ ಸಮುದಾಯಗಳಲ್ಲಿ ಅಳಿಯಸಂತಾನ ನಡೆದುಬಂದಿದ್ದರಿಂದ, ಯಜಮಾನಿಕೆ ತಂದೆಯಿಂದ ಮಗನಿಗೆ ಹೋಗದೆ ಸೋದರಮಾವನಿಂದ ಅಳಿಯನಿಗೆ, ಅಂದರೆ ಸೋದರಿಯ ಮಗನಿಗೆ, ಸಾಗುತ್ತಿತ್ತು. ಈ ಕಟ್ಟಳೆಯನ್ನು ತಂದವನೆಂದು ಐತಿಹ್ಯ ಹೇಳುವ ಭೂತಾಳಪಾಂಡ್ಯನ ಊರೂ ಬಾರಕೂರೇ. ಹೀಗಿರುವಾಗ ಮುತ್ತಜ್ಜನ ಅಪ್ಪನ ಹೆಸರು ಹಿಡಿದು ಹೋದವರಿಗೆ ಅಲ್ಲಿ ಯಾರೂ ದಾರಿ ತೋರಿಸಲಾರರು. ಅಜ್ಜಿಯ ಬಳಿ (ತಾಯಿಯ ಕಡೆಯಿಂದ ಬರುವ ಕುಲದ ಹೆಸರು) ಯಾವುದು, ಆಕೆಯ ಸೋದರಮಾವ ಯಾರು, ಮೂಲಮನೆಗೆ ಏನೆಂದು ಕರೆಯುತ್ತಿದ್ದರು, ಮನೆಯ ದೈವ ಯಾವುದು, ನಾಗನಿಗೆ ಸಲ್ಲಿಸುವ ತಂಬಿಲ ಸೇವೆ ಯಾವ ನಾಗಬನದಲ್ಲಿ ನಡೆಯುತ್ತಿತ್ತು ಎಂಬುದನ್ನು ಬರೆದುಕೊಂಡು ಹೋಗಬೇಕು. ಇವುಗಳಲ್ಲಿ ಎರಡು ಸರಿಯಾಗಿ ತಿಳಿದಿದ್ದರೂ ಊರಿನ ಹಿರಿಯರು ಉಳಿದುದನ್ನು ಕೂಡಿಸಿಕೊಂಡು ಹೇಳುತ್ತಾರೆ.

ದಾಖಲೆಗಳ ವಿಷಯದಲ್ಲಿ ನಮ್ಮ ಮೈಸೂರು ಸೀಮೆಯ ಲೆಕ್ಕ ಅಲ್ಲಿ ನಡೆಯುವುದಿಲ್ಲ. 1956ರವರೆಗೆ ಆ ಪ್ರದೇಶ ಮದ್ರಾಸಿನ ಆಡಳಿತದಲ್ಲಿದ್ದುದರಿಂದ ಹಳೆಯ ಜಮೀನು ಲೆಕ್ಕ ಅಡಂಗಲು ಎಂಬ ಗ್ರಾಮದ ದಾಖಲೆಯಲ್ಲಿರುತ್ತದೆ. ಉಡುಪಿ ಜಿಲ್ಲೆಯಾದದ್ದು 1997ರಲ್ಲಿ ಆದ್ದರಿಂದ ಕೆಲವು ಕಡತಗಳಿಗಾಗಿ ಮಂಗಳೂರಿನಲ್ಲಿಯೂ ವಿಚಾರಿಸಬೇಕಾಗಬಹುದು. ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಉಪಯುಕ್ತವಾದುದು ಕುಟುಂಬದ ವಿಭಾಗ ಪತ್ರ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಪಾಲು ಕೇಳುವ ಹಕ್ಕನ್ನು ಕೊಟ್ಟ ಮೇಲೆ ಬರೆಸಿದ ಇಂಥ ಪತ್ರಗಳಲ್ಲಿ ಒಂದೊಂದು ಕವರಿನ (ಒಬ್ಬ ಹೆಂಗಸಿನಿಂದ ಬೆಳೆದ ಕುಟುಂಬದ ಕವಲಿನ) ಹೆಂಗಸರು, ಅವರ ಮಕ್ಕಳು ಹೆಸರು ಹಿಡಿದು ನಮೂದಾಗಿರುತ್ತಾರೆ. ಅಜ್ಜಿಯ ತಾಯಿಯ ಹೆಸರು ನಮಗೆ ದೊರೆತದ್ದೂ ಅಂಥದೊಂದು ಪತ್ರದಲ್ಲಿಯೇ, ನೆಂಟರೊಬ್ಬರ ಪೆಟ್ಟಿಗೆಯಲ್ಲಿ. ಆದರೆ ಪರಿಚಯವಾದ ಕೂಡಲೇ ಪಹಣಿಯ ಮಾತು ಎತ್ತಬಾರದು. ಘಟ್ಟದ ಮೇಲಿನಿಂದ ಬಂದವರು ಪಾಲು ಕೇಳಲು ಬಂದರೆಂಬ ಅನುಮಾನ ಸಹಜವಾಗಿಯೇ ಹುಟ್ಟುತ್ತದೆ. 1974ರ ಭೂಸುಧಾರಣೆಯ ನಂತರ ಎಷ್ಟೋ ಗೇಣಿ ಭೂಮಿ ಒಕ್ಕಲುಗಳ ಹೆಸರಿಗೆ ಆಗಿರುವುದರಿಂದ ಆ ವಿಷಯ ಇಂದಿಗೂ ಸೂಕ್ಷ್ಮವೇ. ನಾಗನಿಗೆ ಹಾಲೆರೆಯಲು ಬಂದಿದ್ದೇವೆ ಎಂದು ಮೊದಲೇ ಹೇಳುವುದು ಒಳ್ಳೆಯದು, ಅದು ನಿಜವೂ ಆಗಿರಬೇಕು.

ಊರನ್ನು ನೋಡಲು ಒಂದು ದಿನ ಬೇಕು. ಕೋಟೆಕೇರಿಯ ಪಂಚಲಿಂಗೇಶ್ವರ ದೇವಸ್ಥಾನ ಮತ್ತು ಕತ್ತಲೆ ಬಸದಿಯನ್ನು ತಪ್ಪಿಸಬಾರದು. ಹಳೇಬೀಡನ್ನು ಕಂಡ ನಮ್ಮವರಿಗೆ ಇನ್ನೊಂದು ನಂಟೂ ಇದೆ: ಹೊಯ್ಸಳ ಮೂರನೆಯ ಬಲ್ಲಾಳನ ರಾಣಿ ಚಿಕ್ಕಾಯಿತಾಯಿ ತುಳುನಾಡನ್ನು ಆಳಿದ ಆಳುಪ ವಂಶದವಳು, ಬಾರಕೂರಿನಿಂದಲೇ ಆಳಿದವಳು. ಮುಂದೆ ವಿಜಯನಗರದ ಕಾಲದಲ್ಲಿ ಇದು ಬಾರಕೂರು ರಾಜ್ಯದ ಕೇಂದ್ರವಾಯಿತು. ಇಲ್ಲಿನ ಶಾಸನಗಳು ಓದಲು ರೋಚಕವಾದರೂ ಒಕ್ಕಲು ಮನೆತನಗಳ ವಂಶಾವಳಿಯನ್ನು ಅವುಗಳಲ್ಲಿ ಅರಸುವುದು ವ್ಯರ್ಥ.

ಚಿಕ್ಕಮಗಳೂರಿನಿಂದ ಬಾಳೆಹೊನ್ನೂರು, ಶೃಂಗೇರಿ, ಆಗುಂಬೆ, ಹೆಬ್ರಿ ಮಾರ್ಗ ಅನುಕೂಲ. ಮೂಡಿಗೆರೆಯವರು ಚಾರ್ಮಾಡಿಯಿಂದ ಇಳಿಯಬಹುದು. ಕುಟುಂಬದವರೆಲ್ಲ ಒಂದೇ ಬನದಲ್ಲಿ ಸೇರುವುದು ನಾಗರಪಂಚಮಿಯಂದು, ಅಂದರೆ ಘಟ್ಟದ ಮಳೆ ಇನ್ನೂ ಬಿಡದ ಶ್ರಾವಣದಲ್ಲಿ. ಜನರನ್ನು ಕಾಣುವುದು ಮುಖ್ಯವಾದರೆ ಆ ತೊಂದರೆಯನ್ನು ಸಹಿಸಿಯಾದರೂ ಆಗಲೇ ಹೋಗಬೇಕೆಂಬುದು ನನ್ನ ಸಲಹೆ. ಘಟ್ಟದ ರಸ್ತೆ ತೆರೆದಿದೆಯೇ ಎಂದು ಹಿಂದಿನ ದಿನ ವಿಚಾರಿಸಿಕೊಳ್ಳಬೇಕು. ಕಚೇರಿ ಕೆಲಸವಿದ್ದವರು ನವೆಂಬರ್ ನಂತರ, ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳನ್ನು ಬಿಟ್ಟು, ವಾರದ ನಡುವೆ ಹೋಗುವುದು ಲೇಸು. ತಂಗಲು ಉಡುಪಿಯಲ್ಲಿ ಎಲ್ಲ ದರದ ವಸತಿಗೃಹಗಳಿವೆ.