ಬೆನ್ನ ಮೇಲೆ ರೆಕ್ಕೆ ಹೊತ್ತ ಬೆಂಜ್

ಸ್ಟುಟ್‌ಗಾರ್ಟ್‌ನ ಮರ್ಸಿಡಿಸ್ ಮ್ಯೂಸಿಯಂ ಮುಂದೆ ಹೋಗಿ ನಿಂತರೆ ಬಾಗಿಲು ಹಾಕಿತ್ತು. ಸೋಮವಾರ ರಜೆಯಂತೆ. ನೋಡ್ಕೊಂಡು ಹೊರಡಬೇಕಿತ್ತು, ತಪ್ಪು ನನ್ನದೇ. ಜೊತೆಗಿದ್ದ ಹಾಸನದ ಗೆಳೆಯ ಅಲ್ಲೇ ಕೆಲಸದಲ್ಲಿದ್ದಾನೆ. "ನಿಂಗೆ ಬೇಕಾಗಿರೋದು ಆ ರೆಕ್ಕೆ ಕಾರು ತಾನೇ? ನಡಿ, ಅದು ಓಡಿದ ಜಾಗಕ್ಕೇ ಹೋಗೋಣ" ಅಂದ. ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಸುಮಾರು 300 ಕಿ.ಮೀ. ದೂರದ ನೂರ್ಬುರ್ಗ್‌ರಿಂಗ್ ರೇಸ್ ಟ್ರ್ಯಾಕಿಗೆ ಹೊರಟೆವು.

ರೆಕ್ಕೆ ಕಾರು ಅಂದರೆ ಮರ್ಸಿಡಿಸ್ 190 ಇ 2.5-16 ಎವಲ್ಯೂಷನ್ 2. ಮೂಲದ 190 ಅಪ್ಪಟ ಸಂಸಾರಸ್ಥರ ಕಾರು. ಅದನ್ನು ರ‍್ಯಾಲಿಗೆ ಇಳಿಸಬೇಕು ಅಂತ ಇಂಗ್ಲೆಂಡಿನ ಎಂಜಿನ್ ಕಂಪನಿ ಕಾಸ್ವರ್ತ್ ಕೈಲಿ ಅದರ ಎಂಜಿನ್ನಿಗೆ 16 ವಾಲ್ವಿನ ಸಿಲಿಂಡರ್ ಹೆಡ್ ಮಾಡಿಸಿದ್ದರು. ಅಷ್ಟರಲ್ಲಿ ನಾಲ್ಕೂ ಚಕ್ರ ಎಳೆಯುವ ಆಡಿ ಕ್ವಾಟ್ರೊ ಬಂದು ರ‍್ಯಾಲಿಯ ಲೆಕ್ಕವನ್ನೇ ತಲೆಕೆಳಗು ಮಾಡಿತು. ಹಿಂದಿನ ಎರಡೇ ಚಕ್ರ ತಳ್ಳುವ ಈ ಕಾರಿಗೆ ಅಲ್ಲಿ ಏನು ಕೆಲಸ? ಸರ್ಕ್ಯೂಟ್ ರೇಸಿನ ಕಡೆ ತಿರುಗಿಸಿದರು. 1983ರಲ್ಲಿ ಇಟಲಿಯ ನಾರ್ಡೊ ಟ್ರ್ಯಾಕಿನಲ್ಲಿ ಎಂಟು ದಿನಕ್ಕಿಂತ ಜಾಸ್ತಿ ಹೊತ್ತು, ಹಗಲೂ ರಾತ್ರಿ, 50,000 ಕಿ.ಮೀ. ಓಡಿಸಿ ದಾಖಲೆ ಮಾಡಿದರು. ಸರಾಸರಿ ವೇಗ ಗಂಟೆಗೆ 247.9 ಕಿ.ಮೀ.!

ಐಫೆಲ್ ಬೆಟ್ಟಗಳಿಗೆ ಬಂದಾಗ ಸಂಜೆಯಾಗಿತ್ತು. ಮಂಜು, ಕಾಡು, ಒಂದು ಕಡೆ ಬಿಸಿಲು, ಇನ್ನೊಂದು ಕಡೆ ತುಂತುರು. ಗೆಳೆಯನಿಗೆ ಸಕಲೇಶಪುರ ನೆನಪಾಯಿತು. ಇಲ್ಲಿ ಟ್ರ್ಯಾಕ್ ಎರಡಿವೆ. ಕಾಡೊಳಗೆ ಸುತ್ತುವ 20.8 ಕಿ.ಮೀ. ಉದ್ದದ ಹಳೇ ನಾರ್ಡ್‌ಶ್ಲೈಫೆ ಒಂದು. 1984ರಲ್ಲಿ ಶುರುವಾದ ಚಿಕ್ಕದು ಇನ್ನೊಂದು. ಆ ಹೊಸ ಟ್ರ್ಯಾಕಿನ ಆರಂಭಕ್ಕೆ ಲೌಡಾ, ಪ್ರೋಸ್ಟ್, ಮಾಸ್, ಬ್ರಾಬಮ್ ಥರದ ಹೆಸರಾಂತ ರೇಸ್ ಚಾಲಕರನ್ನೆಲ್ಲ ಕರೆಸಿ, ಎಲ್ಲರಿಗೂ ಒಂದೇ ಥರದ, ಆ 16 ವಾಲ್ವಿನ 190 ಇ 2.3-16 ಕೊಟ್ಟರು. ಕಾರು ಒಂದೇ ಆದಮೇಲೆ ನೆಪ ಹೇಳೋ ಹಾಗಿಲ್ಲ, ಅಲ್ವಾ? ಒದ್ದೆ ಟ್ರ್ಯಾಕಿನಲ್ಲಿ ಗೆದ್ದವನು ಆಗಷ್ಟೇ ಫಾರ್ಮುಲಾ 1ಕ್ಕೆ ಬಂದಿದ್ದ 24ರ ಹುಡುಗ, ಐರ್ಟನ್ ಸೆನ್ನಾ. 1976ರಲ್ಲಿ ಇದೇ ನಾರ್ಡ್‌ಶ್ಲೈಫೆಯಲ್ಲಿ ಬೆಂಕಿಗೆ ಸಿಕ್ಕಿ ಬದುಕಿದ್ದ ಲೌಡಾ ಹಿಂದಿನ ಸಾಲಿನಿಂದ ಹೊರಟು ಎರಡನೆಯವರಾಗಿ ಬಂದರು. ನನಗೆ ಸೆನ್ನಾನ ಗೆಲುವಿಗಿಂತ ಇದೇ ದೊಡ್ಡದು ಅನ್ನಿಸುತ್ತೆ.

ನಾರ್ಡ್‌ಶ್ಲೈಫೆಗೆ ದುಡ್ಡು ಕೊಟ್ಟು ನಮ್ಮದೇ ಕಾರು ಇಳಿಸಬಹುದು. ಅದಕ್ಕೇ ಗೇಟಿನ ಪಾರ್ಕಿಂಗಿನಲ್ಲಿ ಜಾತ್ರೆ. ಅದರ ಮೂಲೆಯಲ್ಲಿ ಕಂಡಿತು ನೋಡಿ, ನೀಲಿಗಪ್ಪು ಬಣ್ಣದ ಎವಲ್ಯೂಷನ್ 2! ರೇಸಿಗೆ ಬಿಡಬೇಕಾದರೆ 500 ಕಾರನ್ನು ರಸ್ತೆಗೂ ಮಾರಬೇಕು ಅನ್ನೋ ನಿಯಮಕ್ಕಾಗಿ 1990ರಲ್ಲಿ ಮಾಡಿದ 502ರಲ್ಲಿ ಒಂದು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅಜ್ಜ ನನ್ನ ಬಾಯಿ ತೆರೆದಿದ್ದು ನೋಡಿ ನಕ್ಕು, ಹತ್ತಿರ ಬಾ ಅಂತ ಕೈ ಸನ್ನೆ ಮಾಡಿದರು.

ಫೋಟೋದಲ್ಲಿ ನೋಡಿದಾಗೆಲ್ಲ ಆ ರೆಕ್ಕೆ, ನಮ್ಮೂರ ಹುಡುಗರು ಮಾರುತಿ 800ಗೆ ಅಂಟಿಸುತ್ತಿದ್ದ ಸ್ಪಾಯ್ಲರ್ ಥರ ಬರೀ ಶೋಕಿ ಅಂದುಕೊಂಡಿದ್ದೆ. ಹತ್ತಿರ ಹೋದರೆ ಡಿಕ್ಕಿಯಿಂದ ಎದ್ದ ಎರಡು ಕಾಲಿನ ಮೇಲೆ ಸೊಂಟಕ್ಕಿಂತ ಎತ್ತರ ನಿಂತಿದೆ. ಬೇಕಾದ ಹಾಗೆ ಹೊಂದಿಸಿಕೊಳ್ಳಬಹುದು, ಮುಂದಿನ ಸ್ಪಾಯ್ಲರ್ ಕೂಡ. ವೇಗದಲ್ಲಿ ಕಾರನ್ನು ನೆಲಕ್ಕೆ ಒತ್ತಿ ಹಿಡಿಯೋದು ಅದರ ಕೆಲಸ. ಈ ರೆಕ್ಕೆ ಕೆಲಸ ಮಾಡಿದರೆ, ಗಾಳಿ ಬೀಸಿ ಕಾರು ಪರೀಕ್ಷಿಸುವ ನಮ್ಮ ವಿಂಡ್ ಟನಲ್ ಕೆಡವಿ ಕಟ್ಟಬೇಕು ಅಂತ ಬಿಎಂಡಬ್ಲ್ಯೂ ಕಡೆಯವರು ಹಂಗಿಸಿದ್ದರಂತೆ. ಜರ್ಮನಿಯ ಕಾರ್ ರೇಸ್ ಸರಣಿ ಡಿಟಿಎಂನಲ್ಲಿ 1992ರಲ್ಲಿ ಮೊದಲ ಮೂರು ಸ್ಥಾನವೂ ಈ ಕಾರಿನದೇ: ಕ್ಲೌಸ್ ಲುಡ್‌ವಿಗ್, ಕುರ್ಟ್ ಥೀಮ್, ಬೆರ್ಂಡ್ ಶ್ನೈಡರ್. ಅದೇ ವರ್ಷ ಹಾಕೆನ್‌ಹೈಮ್‌ನಲ್ಲಿ ಎಲೆನ್ ಲೋರ್ ಇದರಲ್ಲೇ ಗೆದ್ದು, ಡಿಟಿಎಂ ರೇಸ್ ಗೆದ್ದ ಮೊದಲ ಹೆಂಗಸಾದರು. ಯಾಕೋ ಆಕೆಯ ಹೆಸರು ಹೇಳೋರೇ ಕಡಿಮೆ.

ಅಜ್ಜ ಬಾಗಿಲು ತೆಗೆದು ಗೇರ್ ತೋರಿಸಿದರು. ಒಂದನೇ ಗೇರು ಎಡಕ್ಕೆ, ಹಿಂದಕ್ಕೆ! ರೇಸಿನಲ್ಲಿ ಎರಡು–ಮೂರರ ನಡುವೆ ಕೈ ಜಾಸ್ತಿ ಓಡಾಡುತ್ತೆ, ಅದಕ್ಕೆ ಅವೆರಡನ್ನು ನೇರ ಸಾಲಿಗೆ ತಂದಿದ್ದಾರೆ. 235 ಅಶ್ವಶಕ್ತಿಯ ಕಾರು ಆಫೀಸಿಗೆ ಹೋಗುವಾಗಲೂ ರೇಸಿನ ಲೆಕ್ಕದಲ್ಲೇ ಗೇರ್ ಹಾಕಿಸಿಕೊಳ್ಳುತ್ತಿತ್ತು.

ಟ್ರ್ಯಾಕಿಗೆ ಇಳಿಸುತ್ತೀರಾ ಅಂತ ಗೆಳೆಯನ ಕೈಲಿ ಕೇಳಿಸಿದೆ. ಅಷ್ಟರಲ್ಲಿ ಮಳೆ ಹನಿ ಜೋರಾಯಿತು. "ಮಳೇಲಿ ಓಡಿಸೋಕೆ ನಾನೇನು ಸೆನ್ನಾನಾ?" ಅಂದವರೇ ಅಜ್ಜ ಬಟ್ಟೆ ತಗೊಂಡು ಮೊದಲು ರೆಕ್ಕೆ ಒರೆಸಿದರು, ಆಮೇಲೆ ಕನ್ನಡಕ.