ಬಿಟ್ಟುಹೋದ ಒಂದಕ್ಷರ

ಉಬುಂಟು (ಲಿನಕ್ಸ್‌ನ ಒಂದು ಬಗೆ) ಯಂತ್ರದಲ್ಲಿ ಆವತ್ತು ಇದ್ದದ್ದು ಸಣ್ಣ ಕೆಲಸ: ಬಳಕೆದಾರನೊಬ್ಬನನ್ನು ಡಾಕರ್ (ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ಪ್ರೋಗ್ರಾಂ ಓಡಿಸುವ ತಂತ್ರಾಂಶ) ಗುಂಪಿಗೆ ಸೇರಿಸುವುದು. ಅದಕ್ಕೆ ಖಾತೆ ಬದಲಿಸುವ ‘ಯೂಸರ್‌ಮಾಡ್’ ಕಮಾಂಡಿಗೆ ಸಣ್ಣ ‘ಎ’, ದೊಡ್ಡ ‘ಜಿ’ ಎಂಬ ಆಯ್ಕೆಗಳೆರಡನ್ನೂ ಕೊಡಬೇಕು. ‘ಎ’ ಬಿಟ್ಟುಹೋಯಿತು. ಬರೀ ‘ಜಿ’ ಕೊಟ್ಟರೆ, ಇದ್ದ ಹೆಚ್ಚುವರಿ ಗುಂಪುಗಳನ್ನೆಲ್ಲ ಕಿತ್ತು ಇದೊಂದನ್ನೇ ಇಡು ಎಂದರ್ಥ. ಅಡ್ಮಿನ್ ಅಧಿಕಾರದಲ್ಲಿ ಕಮಾಂಡ್ ಓಡಿಸಲು ಬಿಡುವ ಸುಡೋ ಗುಂಪೂ ಹಾಗೇ ಹೋಯಿತು. ಪರದೆಯ ಮೇಲೆ ಎಚ್ಚರಿಕೆಯ ಒಂದು ಸಾಲೂ ಬರಲಿಲ್ಲ.

ಈ ತಪ್ಪು ಕೂಡಲೇ ಕಾಣುವುದಿಲ್ಲ, ಕಷ್ಟ ಇರುವುದೇ ಅಲ್ಲಿ. ಲಾಗಿನ್ ಆದಾಗ ಸಿಕ್ಕ ಗುಂಪುಗಳ ಪಟ್ಟಿಯನ್ನೇ ಸೆಷನ್ ಕೊನೆಯವರೆಗೂ ಹೊತ್ತಿರುತ್ತದೆ. ಹಾಗಾಗಿ ಅದೇ ಬಳಕೆದಾರನ ತೆರೆದಿದ್ದ ಟರ್ಮಿನಲ್‌ನಲ್ಲಿ ಸುಡೋ ಸಂಜೆಯವರೆಗೂ ನಡೆಯಿತು. ಲಾಗ್‌ಔಟ್ ಆಗಿ ಮರಳಿದ ಮೇಲೆಯೇ ‘ಸುಡೋಯರ್ಸ್ ಕಡತದಲ್ಲಿ ಇಲ್ಲ’ ಎಂಬ ಉತ್ತರ; ಸುಡೋ ಬಳಸಬಲ್ಲವರ ಪಟ್ಟಿ ಅದು. ಗುಂಪು ಬದಲಿಸಿದ ಮೇಲೆ, ಗುಂಪುಗಳನ್ನು ತೋರಿಸುವ ‘ಐಡಿ’ ಕಮಾಂಡನ್ನಷ್ಟೇ ಟೈಪ್ ಮಾಡಿ ನಂಬಬೇಡಿ, ಅದು ಹಳೆಯ ಸೆಷನ್ನಿನ ಪಟ್ಟಿ. ಮುಂದೆ ಬಳಕೆದಾರನ ಹೆಸರನ್ನೂ ಸೇರಿಸಿದರೆ ಈಗ ದಾಖಲಾಗಿರುವುದು ಕಾಣುತ್ತದೆ. ಆ ಟರ್ಮಿನಲ್ ಮುಚ್ಚುವ ಮುಂಚೆ ಇದೊಂದು ನೋಡಿದ್ದರೆ ಒಂದೇ ಸಾಲಿನಲ್ಲಿ ಸರಿಹೋಗುತ್ತಿತ್ತು.

ಉಬುಂಟುವಿನಲ್ಲಿ ಎಲ್ಲ ಅಧಿಕಾರವೂ ಇರುವ ರೂಟ್ ಖಾತೆಗೆ ಬೀಗ ಹಾಕಿರುತ್ತದೆ, ಇನ್ನೊಂದು ಅಡ್ಮಿನ್ ಖಾತೆಯೂ ಇರಲಿಲ್ಲ. ಉಳಿದದ್ದು ಯಂತ್ರ ರಿಪೇರಿಗೆಂದೇ ಇರುವ ರಿಕವರಿ ಮೋಡ್. ಯಂತ್ರ ಶುರುವಾಗುವಾಗ ಎಸ್ಕೇಪ್ ಕೀ ಒತ್ತಿ (ಹಳೆಯ ಬಯೋಸ್ ಯಂತ್ರವಾದರೆ ಶಿಫ್ಟ್ ಹಿಡಿದು) ಗ್ರಬ್ ಎಂಬ ಬೂಟ್ ಮೆನು ತರಿಸಿ, ಅಡ್ವಾನ್ಸ್ಡ್ ಆಯ್ಕೆಗಳೊಳಗೆ ರಿಕವರಿ ಮೋಡ್, ಅಲ್ಲಿಂದ ರೂಟ್ ಶೆಲ್ (ರೂಟ್ ಆಗಿ ಕಮಾಂಡ್ ಕೊಡುವ ಪರದೆ). ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ ಅದರ ಪಾಸ್‌ಫ್ರೇಸ್ ಇಲ್ಲದೆ ಇಲ್ಲಿಗೆ ತಲುಪಲಾಗದು. ಶೆಲ್‌ನಲ್ಲಿ ಮೂಲ ಫೈಲ್‌ಸಿಸ್ಟಂ ಓದಲಷ್ಟೇ ಸಿಗುವುದುಂಟು. ಮೊದಲು ಅದನ್ನು ಬರೆಯುವಂತೆ ರಿಮೌಂಟ್ (ಮರುಜೋಡಣೆ) ಮಾಡದಿದ್ದರೆ ಯೂಸರ್‌ಮಾಡ್ ಸೋಲುತ್ತದೆ. ಆಮೇಲೆ ‘ಎ’, ‘ಜಿ’ ಎರಡೂ ಕೊಟ್ಟು ಸುಡೋ ಗುಂಪಿಗೆ ಸೇರಿಸಿ, ರೀಬೂಟ್. ಆ ಒಂದಕ್ಷರ ನುಂಗಿದ್ದು ಸುಡೋವನ್ನಷ್ಟೇ ಅಲ್ಲ. ‘ಎಡಿಎಂ’, ‘ಪ್ಲಗ್‌ಡೆವ್’ ಮುಂತಾದ ಗುಂಪುಗಳನ್ನೂ ಮರಳಿ ಸೇರಿಸಬೇಕಾಯಿತು.

ಅಷ್ಟು ದೂರ ಹೋಗಬೇಕಾಗಿಯೇ ಇರಲಿಲ್ಲ ಎಂದು ಹೊಳೆದದ್ದು ಆಮೇಲೆ. ಖಾತೆ ಡಾಕರ್ ಗುಂಪಿನಲ್ಲಿ ಇದ್ದೇ ಇತ್ತು. ಡಾಕರ್ ಡೀಮನ್ (ಹಿನ್ನೆಲೆಯಲ್ಲಿ ನಡೆಯುವ ಪ್ರೋಗ್ರಾಂ) ರೂಟ್ ಆಗಿ ಓಡುವ ಸಾಮಾನ್ಯ ವ್ಯವಸ್ಥೆಯಲ್ಲಿ, ಯಂತ್ರದ ಮೂಲ ಫೋಲ್ಡರನ್ನೇ ಕಂಟೇನರ್ ಒಳಗೆ ಮೌಂಟ್ ಮಾಡಿ ಅದನ್ನೇ ಮೂಲವಾಗಿಸುವ ‘ಸಿಎಚ್‌ರೂಟ್’ ಕಮಾಂಡ್ ಕೊಟ್ಟರೆ ಸಾಕು, ಪಾಸ್‌ವರ್ಡ್ ಕೇಳದೆ ರೂಟ್ ಅಧಿಕಾರ ಕೈಗೆ ಬರುತ್ತದೆ. ಅಂದರೆ ಕಳೆದುಕೊಂಡ ಗುಂಪಿಗಿಂತ ಸೇರಿಸಿದ ಗುಂಪು ಯಾವುದರಲ್ಲೂ ಚಿಕ್ಕದಲ್ಲ; ಪಾಸ್‌ವರ್ಡಿನ ತಡೆಯೂ ಇಲ್ಲದ್ದರಿಂದ ಸುಡೋಗಿಂತ ಸಡಿಲ. ಅಡ್ಮಿನ್ ಅಲ್ಲದವರಿಗೆ ಕಂಟೇನರ್ ಬೇಕೆಂದರೆ ಈ ಗುಂಪು ಕೊಡಬಾರದು, ರೂಟ್ ಅಧಿಕಾರವಿಲ್ಲದೆ ಓಡುವ ರೂಟ್‌ಲೆಸ್ ಡಾಕರ್ ಹಾಕಿಕೊಡಬೇಕು.